ಮುಖ್ಯ ಅತಿಥಿಗೆ ಕಾಯದ ಉಪಗ್ರಹ

ಪಂಕಜಾಕ್ಷಿ ಟೀಚರು ಗುಜರಿ ಅಬ್ಬಾಸನ ಅಂಗಡಿಯಿಂದ ಹಡಗಿನ ರೇಡಿಯೋ ಒಂದನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಮನೆಗೆ ತಂದ ದಿನ ಕಡಬ ಪೇಟೆಯ ಜನ ಅದನ್ನು ಕಬ್ಬಿಣದ ತಿಜೋರಿ ಎಂದುಕೊಂಡರು. ಮದುವೆಯಾಗದ ಹೆಂಗಸು ತನ್ನ ಸಂಬಳವನ್ನು ಏನು ಮಾಡುತ್ತಾಳೆ ಎಂಬುದು ಪೇಟೆಯ ಹಳೆಯ ಚಿಂತೆ. ಕೊನೆಗೂ ಉತ್ತರ ಸಿಕ್ಕಿತೆಂದು ಎಲ್ಲರೂ ನೆಮ್ಮದಿಯಿಂದ ಮಲಗಿದರು. ಮರುದಿನ ತಿಜೋರಿಯೊಳಗಿಂದ ಕುಂಯ್ ಎಂಬ ಸದ್ದು ಬಂದ ಮೇಲೆ ಆ ನೆಮ್ಮದಿ ಹೋಯಿತು.

ಅಬ್ಬಾಸ್ ಅದನ್ನು ಮಂಗಳೂರಿನ ಬಂದರಿನಿಂದ ತೂಕಕ್ಕೆ ತಂದಿದ್ದ. ಒಡೆದು ತಾಮ್ರ ತೆಗೆಯುವವನಿದ್ದ. ಟೀಚರು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸೆರಗಿನಿಂದ ಧೂಳು ಒರೆಸಿ, ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, “ಇದನ್ನು ಒಡೀಬೇಡಿ, ನನಗೆ ಕೊಡಿ” ಅಂದರು.

“ಟೀಚರೇ, ಇದರಲ್ಲಿ ರೇಡಿಯೋ ಸಿಲೋನ್ ಬರ್ತದಾ ಇಲ್ಲವಾ ನಂಗೆ ಗೊತ್ತಿಲ್ಲ,” ಎಂದು ಅಬ್ಬಾಸ್ ಪ್ರಾಮಾಣಿಕವಾಗಿ ಎಚ್ಚರಿಸಿದ.

“ಸಿಲೋನ್ ಯಾರಿಗೆ ಬೇಕು?”

ಸಿಲೋನ್ ಬೇಡವೆನ್ನುವ ಮನುಷ್ಯರನ್ನು ಅಬ್ಬಾಸ್ ಅಲ್ಲಿಯವರೆಗೆ ಕಂಡಿರಲಿಲ್ಲ. ಅವನು ಮನೆಗೆ ಹೋಗಿ ಹೆಂಡತಿ ನೆಬೀಸಳಿಗೆ ಹೇಳಿದ. ಟೀಚರ ಮನೆ ಅವರ ಮನೆಯ ಪಕ್ಕದಲ್ಲೇ ಇದ್ದುದರಿಂದ ಮುಂದಿನ ವಿಚಾರಣೆಯನ್ನು ನೆಬೀಸ ತಾನೇ ವಹಿಸಿಕೊಂಡಳು.

ಟೀಚರಿಗೆ ಆಗ ನಲವತ್ತೆರಡರ ಆಸುಪಾಸು. ಕಡಬದ ಒಂದು ಸರಕಾರಿ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದರು. ತೆಳ್ಳಗೆ, ದಪ್ಪ ಕನ್ನಡಕ. ಊರಿನಲ್ಲಿ ಐದನೇ ಕ್ಲಾಸಿನ ಲೆಕ್ಕ ಬರುವವಳು ತಾನೊಬ್ಬಳೇ ಎಂಬುದು ಅವರ ದೃಢವಾದ ನಂಬಿಕೆ. ಆ ನಂಬಿಕೆಯನ್ನು ಅವರು ಗುಟ್ಟಾಗಿಯೇನೂ ಇಟ್ಟುಕೊಂಡಿರಲಿಲ್ಲ. ಚಿಲ್ಲರೆ ಕೊಡುವಾಗ ಬಸ್ ಕಂಡಕ್ಟರುಗಳು ಅವರ ಮುಖ ನೋಡುತ್ತಿರಲಿಲ್ಲ. ಅವರ ತಂದೆ ಪುತ್ತೂರಿನ ತಂತಿ ಆಫೀಸಿನಲ್ಲಿ ಇದ್ದವರು. ಮಗಳಿಗೆ ಸಣ್ಣವಳಿರುವಾಗಲೇ ಲೋಟಕ್ಕೆ ಚಮಚ ಬಡಿದು ಮೋರ್ಸ್ ಸಂಕೇತ ಕಲಿಸಿದ್ದರು. ಊಟಕ್ಕೆ ಕೂತಾಗ ಅಪ್ಪ ಮಗಳು ಲೋಟದಲ್ಲೇ ಮಾತಾಡಿಕೊಂಡು ಅಮ್ಮನ ಸಾರನ್ನು ಅಮ್ಮನೆದುರಿಗೇ ಬೈಯುತ್ತಿದ್ದರಂತೆ. ತಂದೆ ತೀರಿಕೊಂಡ ಮೇಲೆ ಟೀಚರಿಗೆ ಆ ಭಾಷೆಯಲ್ಲಿ ಮಾತಾಡುವವರು ಯಾರೂ ಉಳಿಯಲಿಲ್ಲ.

ಹಾಗಿರುವಾಗ ಒಂದು ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಅವರು ಓದಿದ್ದು ಇಷ್ಟು: ಹವ್ಯಾಸಿ ರೇಡಿಯೋದವರು ಸೇರಿ ಆಸ್ಕರ್ ಏಳು ಎಂಬ ಪುಟ್ಟ ಉಪಗ್ರಹವೊಂದನ್ನು ಎಪ್ಪತ್ತನಾಲ್ಕರಲ್ಲಿ ಹಾರಿಸಿದ್ದಾರೆ, ಅದು ತನ್ನ ಬ್ಯಾಟರಿಯ ಬಲ ಎಷ್ಟು, ಮೈಯ ಬಿಸಿ ಎಷ್ಟು ಎಂದು ಮೋರ್ಸ್‌ನಲ್ಲಿ ಹೇಳಿಕೊಳ್ಳುತ್ತ ಭೂಮಿಯನ್ನು ಸುತ್ತುತ್ತಿದೆ, ಅದಕ್ಕೆ ವಯಸ್ಸಾಗಿದೆ, ಎಷ್ಟು ದಿನ ಬದುಕುತ್ತದೋ ತಿಳಿಯದು, ಯಾರು ಬೇಕಾದರೂ ಕೇಳಬಹುದು. ಟೀಚರಿಗೆ ಅಷ್ಟು ಸಾಕಾಯಿತು. ಅಡುಗೆಮನೆಯ ಮಾಡಿನಿಂದ ಹಿತ್ತಿಲ ತೆಂಗಿನ ಮರಕ್ಕೆ ತಾಮ್ರದ ತಂತಿ ಎಳೆಸಿದರು. ಉಪಗ್ರಹ ನಮ್ಮ ತಲೆಯ ಮೇಲೆ ಬರುವ ಹೊತ್ತನ್ನು ತಾವೇ ಲೆಕ್ಕ ಹಾಕಿದರು. ಮೊದಲ ಬೆಳಿಗ್ಗೆ ಏನೂ ಕೇಳಲಿಲ್ಲ. ಎರಡನೆಯ ಬೆಳಿಗ್ಗೆ ಕೇಳಿದ್ದು ಪಕ್ಕದ ಹಿಟ್ಟಿನ ಗಿರಣಿ. ಹೊರಗೆ ಬಂದು ನೋಡಿದರೆ ತಂತಿಯ ಮೇಲೆ ಅಬ್ಬಾಸನ ನಾಲ್ಕು ಲುಂಗಿ ಒಣಗುತ್ತಿದ್ದವು.

“ತಂತಿ ಖಾಲಿ ಇತ್ತಲ್ಲ ಟೀಚರೇ,” ಎಂದಳು ನೆಬೀಸ.

“ಅದು ಆಕಾಶದ ಮಾತು ಕೇಳ್ಲಿಕ್ಕೆ ಇರುದು.”

“ಕೇಳಿ, ಯಾರು ಬೇಡ ಅಂದದ್ದು? ಲುಂಗಿ ಎಂತ ಮಾತಾಡ್ತದಾ?”

ಲುಂಗಿ ತೆಗೆದ ಮರುದಿನ, ಶಾಲೆಗೆ ಹೊರಡುವ ಮೊದಲು, ಗಿರಣಿ ನಿಂತಿದ್ದ ಒಂದು ಗಳಿಗೆಯಲ್ಲಿ ಅದು ಬಂತು. ದೂರದ ಜೀರುಂಡೆಯ ಹಾಗೆ ತೆಳ್ಳಗಿನ ಸ್ವರ. ಹತ್ತಿರ ಬರುವಾಗ ಏರಿದ ಸ್ವರ, ದಾಟಿ ಹೋಗುವಾಗ ಬಸ್ಸಿನ ಹಾರನ್ನಿನಂತೆ ಇಳಿಯುವ ಸ್ವರ. ಮೊದಲು ನಾಲ್ಕು ಚುಕ್ಕೆ, ಆಮೇಲೆ ಎರಡು ಚುಕ್ಕೆ. ತಂತಿಯವರ ಭಾಷೆಯಲ್ಲಿ ಅದು ನಗು. ಅಪ್ಪ ಸಾರನ್ನು ಬೈದು ಮುಗಿಸಿದ ಮೇಲೆ ಲೋಟಕ್ಕೆ ಹಾಗೆಯೇ ಬಡಿಯುತ್ತಿದ್ದರು. ಟೀಚರು ಆ ದಿನ ಶಾಲೆಗೆ ತಡವಾಗಿ ಹೋದರು. ಹೆಡ್‌ಮಾಸ್ಟರರು ಕಾರಣ ಕೇಳಿದರೆ ನಿಜ ಹೇಳಿದರು. ಹೆಡ್‌ಮಾಸ್ಟರರು ಹಾಜರಿ ಪುಸ್ತಕದಲ್ಲಿ ‘ಹೊಟ್ಟೆನೋವು’ ಎಂದು ಬರೆದುಕೊಂಡರು. ಅವರು ದಯಾಳು ಮನುಷ್ಯ.

ಇದರ ನಡುವೆ ರಾಮಕುಂಜದ ಕಡೆಯಿಂದ ಒಂದು ಸಂಬಂಧವೂ ಬಂತು. ಹೆಂಡತಿ ತೀರಿಕೊಂಡ ಬ್ಯಾಂಕಿನ ಕ್ಯಾಷಿಯರು. ಅವರು ಬಂದದ್ದು ಸರಿಯಾಗಿ ಉಪಗ್ರಹದ ಹೊತ್ತಿಗೆ. ಟೀಚರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಕೈಸನ್ನೆಯಲ್ಲಿ ಬೆಂಚು ತೋರಿಸಿದರು. ಕ್ಯಾಷಿಯರು ಇಪ್ಪತ್ತು ನಿಮಿಷ ಬೆಂಚಿನಲ್ಲಿ ಕೂತು ಗೋಡೆಯ ಕ್ಯಾಲೆಂಡರ್ ಓದಿದರು. ಕೊನೆಗೆ ಗಂಟಲು ಸರಿಮಾಡಿಕೊಂಡು ಕೇಳಿದರು:

“ಮದುವೆ ಆದ ಮೇಲೆ ಇದೆಲ್ಲ ಇರುದಿಲ್ಲ ಅಲ್ವಾ?”

“ಯಾವುದು ಇರುದಿಲ್ಲ, ಮದುವೆಯಾ?”

ಕ್ಯಾಷಿಯರು ಕಾಫಿ ಕುಡಿಯದೆ ಎದ್ದರು. ಕಾಫಿ ಮಾಡಿಯೂ ಇರಲಿಲ್ಲವೆಂದು ನೆಬೀಸ ಆಮೇಲೆ ಎಲ್ಲರಿಗೂ ಹೇಳಿದಳು.

ಸುದ್ದಿ ಉದಯಶಂಕರನ ಕಿವಿಗೆ ಬಿದ್ದ ಮೇಲೆ ಮಾತ್ರ ಸಂಗತಿ ಕೈಮೀರಿತು. ಉದಯಶಂಕರ ಪೇಟೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು, ಜೊತೆಗೆ ಯುವಕ ಸಂಘದ ಅಧ್ಯಕ್ಷ. ಸಂಘ ಸಭೆ ಮಾಡಿದಷ್ಟೂ ಮೈಕಿಗೆ ಬಾಡಿಗೆ. ಆದ್ದರಿಂದ ಸಂಘಕ್ಕೆ ಸಭೆ ಮಾಡಲು ಕಾರಣಗಳ ಕೊರತೆ ಬಂದದ್ದೇ ಇಲ್ಲ. ಹೊಸ ಬಸ್ಸು ಬಂದರೆ ಸಭೆ, ಹಳೆಯ ಬಸ್ಸು ನಿಂತರೆ ಸಭೆ. ಸದ್ದು ಎಂಬುದೆಲ್ಲ ತನ್ನ ಇಲಾಖೆ ಎಂದು ನಂಬಿದ್ದ ಅವನು ಒಂದು ಬೆಳಿಗ್ಗೆ ಟೀಚರ ಮನೆಗೆ ಬಂದು, ಹೆಡ್‌ಫೋನ್ ಇಸಿದುಕೊಂಡು, ಕಣ್ಣು ಮುಚ್ಚಿ ಆಲಿಸಿ ತೀರ್ಪು ಕೊಟ್ಟ:

“ಬೇಸ್ ಕಮ್ಮಿ ಉಂಟು.”

“ಅದು ಉಪಗ್ರಹ ಮಾರಾಯ್ರೆ, ನಾಟಕದ ಹಾಡಲ್ಲ.”

“ಅಡ್ಡಿ ಇಲ್ಲ. ನನ್ನ ಹಾರನ್ನಿಗೆ ಕೊಟ್ಟರೆ ಕೋಡಿಂಬಾಳದವರೆಗೆ ಕೇಳಿಸ್ತೇನೆ. ಒಂದು ಕಾರ್ಯಕ್ರಮ ಮಾಡುವ ಟೀಚರೇ. ‘ಗಗನವಾಣಿ’ ಅಂತ ಹೆಸರಿಡುವ.”

ಟೀಚರು ಒಪ್ಪಬಾರದಿತ್ತು. ಆದರೆ ಇಡೀ ಊರಿಗೆ ಏಕಕಾಲಕ್ಕೆ ಪಾಠ ಮಾಡುವ ಅವಕಾಶ ಯಾವ ಲೆಕ್ಕದ ಟೀಚರಿಗೂ ಮತ್ತೆ ಮತ್ತೆ ಸಿಗುವುದಿಲ್ಲ. ಒಪ್ಪಿದರು. ಒಂದು ಷರತ್ತು ಹಾಕಿದರು. ಉಪಗ್ರಹ ದಿನ ಬಿಟ್ಟು ದಿನ ಮಾತ್ರ ನಮ್ಮ ರೇಡಿಯೋಗೆ ಸಿಗುವ ಸ್ವರದಲ್ಲಿ ಮಾತಾಡುತ್ತದೆ; ಅಂಥ ಆದಿತ್ಯವಾರವನ್ನೇ ಆರಿಸಬೇಕು; ಬೆಳಿಗ್ಗೆ ಹತ್ತಕ್ಕೆ ಬರುತ್ತದೆ, ಹತ್ತೂ ಇಪ್ಪತ್ತಕ್ಕೆ ಹೋಗುತ್ತದೆ.

“ಹತ್ತಕ್ಕೆ ಅಂದ್ರೆ ಹತ್ತಕ್ಕೇ,” ಎಂದರು ಟೀಚರು.

“ಹತ್ತಕ್ಕೇ,” ಎಂದ ಉದಯಶಂಕರ. ಅವನ ಜೀವಮಾನದಲ್ಲಿ ಅವನು ಹತ್ತಕ್ಕೆಂದು ಕರೆದ ಯಾವ ಸಭೆಯೂ ಹನ್ನೊಂದಕ್ಕೆ ಮೊದಲು ಶುರುವಾಗಿರಲಿಲ್ಲ. ಆದರೂ ಅವನು ಹೇಳಿದ್ದು ಸುಳ್ಳಲ್ಲ. ಅವನ ಮಟ್ಟಿಗೆ ಹತ್ತು ಎಂಬುದು ಕರೆಯೋಲೆಯಲ್ಲಿ ಅಚ್ಚು ಹಾಕಿಸುವ ಒಂದು ಅಂಕಿ.

ಮುಖ್ಯ ಅತಿಥಿ ಪುತ್ತೂರಿನ ಒಬ್ಬ ದೊಡ್ಡ ಅಡಿಕೆ ವ್ಯಾಪಾರಿ. ವಿಜ್ಞಾನಕ್ಕೂ ಅವರಿಗೂ ಇದ್ದ ಸಂಬಂಧ ಅವರ ಮನೆಯಲ್ಲಿದ್ದ ಫ್ರಿಜ್. ಸಭಾಂಗಣದ ವೇದಿಕೆಯಲ್ಲಿ ಐದು ಕುರ್ಚಿ, ಹೂದಾನಿ, ನೀಲಿ ಬಟ್ಟೆಗೆ ಹತ್ತಿಯಲ್ಲಿ ಅಂಟಿಸಿದ ‘ಗಗನವಾಣಿ’. ಮೂಲೆಯ ಬೆಂಚಿನ ಮೇಲೆ ಹಡಗಿನ ರೇಡಿಯೋ. ಅದರ ಮುಂದೆ, ಸಭೆಗೆ ಬೆನ್ನು ಹಾಕಿ, ಹೆಡ್‌ಫೋನ್ ಹಾಕಿಕೊಂಡ ಟೀಚರು. ಅತಿಥಿಯ ಕಾರು ಬರುವಾಗ ಹತ್ತಕ್ಕೆ ಸ್ವಲ್ಪವೇ ಬಾಕಿ. ಊರಿನ ಚರಿತ್ರೆಯಲ್ಲಿ ಅಷ್ಟು ಬೇಗ ಬಂದ ಮುಖ್ಯ ಅತಿಥಿ ಅವರೊಬ್ಬರೇ; ಆ ಮಟ್ಟಿಗೆ ಅವರ ತಪ್ಪಿಲ್ಲ. ಪ್ರಾರ್ಥನೆಗೆ ಇಬ್ಬರು ಹುಡುಗಿಯರು ನಿಂತರು. ಆಮೇಲೆ ದೀಪ. ದೀಪ ಫ್ಯಾನಿನ ಗಾಳಿಗೆ ಆರಿತು. ಫ್ಯಾನ್ ನಿಲ್ಲಿಸಿದರೆ ಅತಿಥಿಗೆ ಸೆಕೆ; ಹಾಕಿದರೆ ದೀಪ ಆರುವುದು. ಇದರ ಬಗ್ಗೆ ವೇದಿಕೆಯ ಮೇಲೆ ಒಂದು ಸಣ್ಣ ಚರ್ಚೆ ನಡೆಯಿತು. ಅನಂತರ ಉದಯಶಂಕರ ಸ್ವಾಗತ ಭಾಷಣಕ್ಕೆ ಎದ್ದ.

ಅಷ್ಟರಲ್ಲಿ ಹಿಮಾಲಯದ ಕಡೆಯಿಂದ ಆಸ್ಕರ್ ಏಳು ಬಂತು. ಟೀಚರ ಬೆನ್ನು ನೆಟ್ಟಗಾಯಿತು. ಅವರು ತಿರುಗಿ ಕೈ ಎತ್ತಿದರು. ಉದಯಶಂಕರ ಮೈಕಿನ ಹಿಂದಿನಿಂದ ಒಂದು ಬೆರಳು ತೋರಿಸಿದ: ಒಂದು ನಿಮಿಷ. ಅವನು ಅತಿಥಿಗಳ ತಂದೆಯವರ ಕಾಲದ ಅಡಿಕೆ ವ್ಯಾಪಾರಕ್ಕೆ ಬಂದಿದ್ದ. ಟೀಚರು ಮತ್ತೆ ಕೈ ಎತ್ತಿದರು. ಅವನು ಮತ್ತೆ ಬೆರಳು ತೋರಿಸಿದ. ಅತಿಥಿಗಳ ಸರಳತೆ, ಅತಿಥಿಗಳ ದಾನಬುದ್ಧಿ, ಅತಿಥಿಗಳ ಹೊಸ ಕಾರು. ಉಪಗ್ರಹ ನೆತ್ತಿಯ ಮೇಲೆ ಬಂದಾಗ ಸಂಘದ ಕಾರ್ಯದರ್ಶಿ ಪ್ರಾಸ್ತಾವಿಕ ನುಡಿಗೆ ನಿಂತಿದ್ದ. ಅದು ಕನ್ಯಾಕುಮಾರಿ ದಾಟುವಾಗ ಅತಿಥಿಗಳ ಕೊರಳಿಗೆ ಮಾಲೆ ಬಿತ್ತು. ಚಪ್ಪಾಳೆ ನಿಂತಾಗ ಹೆಡ್‌ಫೋನಿನಲ್ಲಿ ಬರೀ ಗಾಳಿಯ ಸದ್ದು ಉಳಿದಿತ್ತು.

“ಈಗ,” ಎಂದ ಉದಯಶಂಕರ ಮೈಕಿನಲ್ಲಿ, “ನಾವೆಲ್ಲ ಕಾಯುತ್ತಿದ್ದ ಅಮೃತ ಗಳಿಗೆ!” ಎನ್ನುತ್ತ ಬಂದು ರೇಡಿಯೋದ ತಂತಿಯನ್ನು ತನ್ನ ಮೈಕ್ ಸೆಟ್ಟಿಗೆ ಸಿಕ್ಕಿಸಿದ. ಹಾರನ್ನಿನಿಂದ ಜೊಂಯ್ ಎಂದು ಒಂದು ಸದ್ದು ಹೊರಟು ಇಡೀ ಪೇಟೆಗೆ ಕೇಳಿತು. ಹೊರಗೆ ಕಟ್ಟಿದ್ದ ಒಂದು ಹಸು ಹಗ್ಗ ಕಿತ್ತುಕೊಂಡಿತು. ಸಭೆ ಉಸಿರು ಬಿಗಿಹಿಡಿಯಿತು. ಅಡಿಕೆ ವ್ಯಾಪಾರಿ ತಲೆ ಬಾಗಿಸಿ, ಕಣ್ಣು ಮುಚ್ಚಿ, ಕೈ ಮುಗಿದರು.

“ಸ್ಪಷ್ಟ ಕೇಳ್ತದೆ,” ಎಂದರು ಅವರು. “ಇಂಗ್ಲಿಷ್.”

ಚಪ್ಪಾಳೆ ಬಿತ್ತು. ಟೀಚರು ಎದ್ದು ನಿಂತು ಉದಯಶಂಕರನ ಕೈಯಿಂದ ಮೈಕ್ ಕಿತ್ತುಕೊಂಡರು.

“ಇದು ಟ್ಯೂಬ್‌ಲೈಟಿನ ಸದ್ದು. ಉಪಗ್ರಹ ಬಂದು ಹೋಗಿ ಆಯ್ತು. ನೀವು ಅವರ ಕಾರಿನ ಬಣ್ಣ ಹೇಳುವಾಗ ಅದು ನಮ್ಮ ತಲೆಯ ಹತ್ತಿರ ಬರ್ತಾ ಇತ್ತು. ಇನ್ನು ಎರಡು ಗಂಟೆಯ ಒಳಗೆ ಮತ್ತೊಮ್ಮೆ ಬರ್ತದೆ, ಸಮುದ್ರದ ಬದಿಯಲ್ಲಿ, ಸಣ್ಣಕ್ಕೆ. ಕೇಳುವವರು ಕೂತುಕೊಳ್ಳಿ. ಟ್ಯೂಬ್‌ಲೈಟ್ ಯಾರಾದರೂ ಆರಿಸಿ.”

ಯಾರೂ ಆರಿಸಲಿಲ್ಲ. ಅತಿಥಿಗಳಿಗೆ ಮಧ್ಯಾಹ್ನ ಇನ್ನೊಂದು ಸಭೆಯಿತ್ತು. ಉದಯಶಂಕರ ಇನ್ನೊಂದು ಮೈಕನ್ನು ಹುಡುಕಿ, ತಾಂತ್ರಿಕವಾದ ಸಣ್ಣ ಅಭಿಪ್ರಾಯಭೇದಕ್ಕಾಗಿ ಕ್ಷಮೆ ಕೇಳಿ, ವಂದನಾರ್ಪಣೆ ಮಾಡಿ, ಅವಲಕ್ಕಿ ಹಂಚಿಸಿದ. ಅವಲಕ್ಕಿ ತಿಂದು ಸಭೆ ಕರಗಿತು. ಕೊನೆಗೆ ಉಳಿದವಳು ನೆಬೀಸ ಒಬ್ಬಳೇ; ಅವಳಿಗೆ ಲುಂಗಿಯ ಜಗಳದ ಮೂಲ ಯಾವುದೆಂದು ತಿಳಿಯಬೇಕಿತ್ತು. ಉಪಗ್ರಹ ಮತ್ತೆ ಬರುವ ಹೊತ್ತಿಗೆ ಟೀಚರು ತಾವೇ ದೀಪಗಳನ್ನೆಲ್ಲ ಆರಿಸಿ ಅವಳ ತಲೆಗೆ ಹೆಡ್‌ಫೋನ್ ಹಾಕಿದರು.

“ಅಲ್ಲಾ,” ಎಂದಳು ನೆಬೀಸ. “ಹಕ್ಕಿಮರಿ ಕೂಗಿದ ಹಾಗೆ ಉಂಟಲ್ಲ. ಎಂತ ಹೇಳುದು ಅದು?”

“ಮೊದಲು ನಗುದು. ಆಮೇಲೆ ಬ್ಯಾಟರಿ ಎಷ್ಟು ಉಂಟು ಅಂತ ಹೇಳುದು.”

“ಎಷ್ಟು ಉಂಟು?”

ಟೀಚರು ಉತ್ತರ ಹೇಳುವ ಮೊದಲು ರೇಡಿಯೋ ಆರಿತು. ಉದಯಶಂಕರನ ಆಳು ಪ್ಲಗ್ ಕಿತ್ತು ವೈರು ಸುತ್ತುತ್ತಿದ್ದ. ಬಾಡಿಗೆಯ ಹೊತ್ತು ಮುಗಿದಿತ್ತು.

ಎರಡು ದಿನ ಕಳೆದು ಪತ್ರಿಕೆಯ ಒಳಪುಟದಲ್ಲಿ ‘ಕಡಬದಲ್ಲಿ ಉಪಗ್ರಹದ ಸಂದೇಶ ಆಲಿಸಿದ ಗಣ್ಯರು’ ಎಂಬ ಸುದ್ದಿ ಬಂತು. ಚಿತ್ರದಲ್ಲಿ ಅತಿಥಿ, ಉದಯಶಂಕರ, ಹೂದಾನಿ. ಟೀಚರ ಒಂದು ಮೊಣಕೈ ಅಂಚಿನಲ್ಲಿ ಕಾಣುತ್ತಿತ್ತು. ಅದಾಗಿ ತಿಂಗಳೊಳಗೆ ಮೇಲಿನವರಿಗೆ ಹೆಸರಿಲ್ಲದ ಅರ್ಜಿಯೊಂದು ಹೋಯಿತು: ಸರಕಾರಿ ಶಿಕ್ಷಕಿಯೊಬ್ಬಳು ಹೊರದೇಶದಿಂದ ಗುಪ್ತ ಭಾಷೆಯಲ್ಲಿ ಸಂದೇಶ ತರಿಸಿಕೊಳ್ಳುತ್ತಿದ್ದಾಳೆ. ಬರೆದವರ ಹೆಸರಿಲ್ಲದಿದ್ದರೂ ಅರ್ಜಿ ‘ವೇದಿಕೆಯ ಮೇಲಿನ ಸನ್ಮಾನ್ಯ ಗಣ್ಯರೇ’ ಎಂದು ಶುರುವಾಗಿತ್ತಂತೆ, ಅಭ್ಯಾಸಬಲ.

ಒಬ್ಬ ಪೊಲೀಸ್ ವಿಚಾರಣೆಗೆ ಬಂದ. ರೇಡಿಯೋ ಲೈಸೆನ್ಸ್ ನೋಡಿದ, ಸರಿಯಿತ್ತು. ಹೆಡ್‌ಫೋನ್ ಹಾಕಿ ಕೇಳಿದ. ಹೇಳುವುದು ಬ್ಯಾಟರಿಯ ಸಮಾಚಾರ ಎಂದು ಟೀಚರು ವಿವರಿಸಿದರು.

“ಬೇರೆ ಎಂತ ಹೇಳ್ತದೆ?”

“ಬೇರೆ ಎಂತದೂ ಇಲ್ಲ.”

“ಇಷ್ಟು ಹೇಳ್ಲಿಕ್ಕೆ ಅಷ್ಟು ಮೇಲೆ ಹೋಗ್ಬೇಕಿತ್ತಾ ಟೀಚರೇ?”

ಪೊಲೀಸಿನವನು ಗುಪ್ತ ಭಾಷೆಯಲ್ಲಿ ಗುಪ್ತವಾದದ್ದೇನೂ ಇಲ್ಲವೆಂದು ವರದಿ ಮಾಡಿದ. ಆದರೆ ಅರ್ಜಿ ಒಂದು ಸಲ ಹೊರಟ ಮೇಲೆ ಎಲ್ಲಾದರೂ ಮುಟ್ಟಲೇಬೇಕು. ಟೀಚರಿಗೆ ವರ್ಗವಾಯಿತು. ಸುಳ್ಯದಿಂದ ಬಸ್ಸಿನಲ್ಲಿ ಕೇರಳದ ಗಡಿಯ ಕಡೆಗೆ ಹೋಗಿ, ಬಸ್ಸು ತಿರುಗುವಲ್ಲಿ ಇಳಿದು, ಹೊಳೆಗೆ ಹಾಕಿದ ಮರದ ಪಾಲ ದಾಟಿದರೆ ಸಿಗುವ ಶಾಲೆ. ಆ ಊರಿಗೆ ಕರೆಂಟ್ ಬಂದಿರಲಿಲ್ಲ. ಆರಿಸಿದವರು ಯಾರೋ, ಜಾಗವನ್ನು ಬಹಳ ಯೋಚಿಸಿಯೇ ಆರಿಸಿದ್ದರು.

ಕರೆಂಟಿಲ್ಲದೆ ಹಡಗಿನ ರೇಡಿಯೋ ನಿಜವಾಗಿಯೂ ತಿಜೋರಿಯೇ ಆಯಿತು. ಟೀಚರು ಅದಕ್ಕೆ ಅಕ್ಕಿ ಚೀಲ ಒರಗಿಸಿಟ್ಟರು. ಮೂರು ವಾರ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಅವರಿಗೆ ತಮ್ಮ ಮನೆಯ ಚಾವಡಿಯ ಪಕ್ಕದ ಕೋಣೆ ಬಿಟ್ಟುಕೊಟ್ಟಿದ್ದವರು ಬೆಳ್ಯಪ್ಪ ಎಂಬ ಗೌಡರು. ಗೌಡರದು ದೊಡ್ಡ ಕುಟುಂಬ, ದೊಡ್ಡ ಗಂಟಲು. ಹೊಸ ಟೀಚರಿಗೆ ಸೊಕ್ಕೋ ಸಂಕಟವೋ ಎಂದು ಅವರಿಗೆ ಗೊತ್ತಾಗಲಿಲ್ಲ. ನಿಜವಾಗಿ ಎರಡೂ ಇದ್ದವು.

ಆಮೇಲೆ ಒಂದು ಶನಿವಾರ ಟೀಚರು ಸುಳ್ಯಕ್ಕೆ ಹೋಗಿ ಸೆಲ್ ಹಾಕುವ ಎರಡು ಟ್ರಾನ್ಸಿಸ್ಟರ್ ರೇಡಿಯೋ ತಂದರು. ಪುತ್ತೂರಿನ ರಿಪೇರಿ ಅಂಗಡಿಯಿಂದ ಬಿಡಿಭಾಗ ತರಿಸಿ, ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಒಂದು ಸರ್ಕ್ಯೂಟನ್ನು ಒಲೆಯಲ್ಲಿ ಕಾಯಿಸಿದ ಸಲಾಕೆಯಿಂದ ಬೆಸೆದು ಕಟ್ಟಿದರು. ಉಪಗ್ರಹದ ಎತ್ತರದ ಸ್ವರವನ್ನು ಸಾಧಾರಣ ರೇಡಿಯೋ ಹಿಡಿಯುವ ಹಾಗೆ ಕೆಳಗಿಳಿಸುವುದು ಅದರ ಕೆಲಸ. ಮೂರು ಸಲ ಬೆರಳು ಸುಟ್ಟುಕೊಂಡರು. ಒಂದು ರೇಡಿಯೋ ಮಾತ್ರ ಇಟ್ಟರೆ ಬುಸ್ ಎಂಬ ಉಸಿರು. ಎರಡನೆಯದನ್ನು ಪಕ್ಕಕ್ಕಿಟ್ಟು ಮೆಲ್ಲ ತಿರುಗಿಸಿದರೆ, ಎರಡರ ತಿಕ್ಕಾಟದಲ್ಲಿ ಆ ಉಸಿರೇ ಸಿಳ್ಳೆಯಾಗಿ ಕೇಳುತ್ತದೆ. ಬೆಳ್ಯಪ್ಪರು ನೋಡಿ, “ಒಂದು ರೇಡಿಯೋ ಕೇಳ್ಲಿಕ್ಕೆ ಇನ್ನೊಂದು ರೇಡಿಯೋ ಬೇಕಾ? ನಮ್ಮ ಮನೆಯ ಅತ್ತೆ ಸೊಸೆಯ ಹಾಗೆ ಆಯ್ತು,” ಎಂದರು.

ಸುಣ್ಣ ಬಳಿದ ಗೋಡೆಗೆ ಒರಗಿ ಟೀಚರು ಆ ಬೆಳಿಗ್ಗೆ ಕೇಳಿದ್ದನ್ನು ಕಡಬದಲ್ಲಿ ಒಂದು ದಿನವೂ ಕೇಳಿರಲಿಲ್ಲ. ಗಿರಣಿ ಇಲ್ಲ, ಪಂಪು ಇಲ್ಲ, ಟ್ಯೂಬ್‌ಲೈಟ್ ಇಲ್ಲ. ಹತ್ತು ಊರುಗಳ ಸದ್ದಿನ ಅಡಿಯಿಂದ ಹೆಕ್ಕಿ ತೆಗೆಯಬೇಕಾಗಿದ್ದ ಆ ಸ್ವರ ಇಲ್ಲಿ ಪಕ್ಕದ ಕೋಣೆಯಲ್ಲಿ ಯಾರೋ ಲೋಟ ಬಡಿದಷ್ಟು ಸ್ಪಷ್ಟವಾಗಿತ್ತು. ಶಿಕ್ಷೆಯೆಂದು ಕಳಿಸಿದವರು ಇಡೀ ತಾಲೂಕಿನಲ್ಲೇ ಅತ್ಯಂತ ನಿಶ್ಶಬ್ದವಾದ ಊರನ್ನು ಹುಡುಕಿ ಕೊಟ್ಟಿದ್ದರು. ಟೀಚರು ಒಬ್ಬರೇ ಕೂತು ಬಿದ್ದು ಬಿದ್ದು ನಕ್ಕರು. ಬೆಳ್ಯಪ್ಪರ ಹೆಂಡತಿ ಹೆದರಿ ಬಾಗಿಲಿಗೆ ಬಂದರು.

ಸ್ಪಷ್ಟವಾಗಿ ಕೇಳಿದ್ದರಿಂದ ಕೇಳಬಾರದ್ದೂ ಕೇಳಿತು. ಬ್ಯಾಟರಿಯ ಅಂಕಿಗಳು ಇಳಿಯುತ್ತಿದ್ದವು. ಎಂಬತ್ತೊಂದರ ಹೊತ್ತಿಗೆ ಸ್ವರ ಕೆಲವೊಮ್ಮೆ ನಡುವೆ ಎಡವುತ್ತಿತ್ತು. ಆ ವರ್ಷದ ಮಧ್ಯದಲ್ಲಿ ಒಂದು ದಿನ ಬರಲಿಲ್ಲ. ದಿನ ಬಿಟ್ಟು ದಿನದ ಮೌನವಿರಬೇಕೆಂದು ಟೀಚರು ಮರುದಿನ ಕಾದರು. ಆಮೇಲಿನ ದಿನವೂ ಕಾದರು. ಸೆಲ್ ಬದಲಿಸಿದರು, ಸರ್ಕ್ಯೂಟ್ ಮತ್ತೆ ಬೆಸೆದರು, ತಂತಿಯ ಕಿಲುಬು ಉಜ್ಜಿದರು. ತಪ್ಪು ತಮ್ಮ ಕಡೆಯೇ ಇರಲಿ ಎಂದು ಅವರು ಜೀವನದಲ್ಲಿ ಹಾರೈಸಿದ್ದು ಅದೊಂದೇ ಸಲ.

“ಎಂತ ಟೀಚರೇ, ಮನೆಯಲ್ಲಿ ಯಾರಿಗಾದ್ರೂ ಹುಷಾರಿಲ್ವಾ?” ಎಂದು ಬೆಳ್ಯಪ್ಪರು ಕೇಳಿದರು.

“ಹೌದು,” ಎಂದರು ಟೀಚರು. ಬೆಳ್ಯಪ್ಪರ ಹೆಂಡತಿ ಅಂದು ರಾತ್ರಿಯ ಊಟವನ್ನು ಕೋಣೆಗೇ ಕಳಿಸಿದರು.

ವರ್ಷದ ಕೊನೆಗೆ ರಷ್ಯದವರು ಒಂದೇ ರಾಕೆಟ್ಟಿನಲ್ಲಿ ಅಂಥ ಆರು ಉಪಗ್ರಹಗಳನ್ನು ಹಾರಿಸಿದರು. “ಒಂದೇ ಹೆರಿಗೆಗೆ ಆರು!” ಎಂದು ಟೀಚರು ಮೂಗು ಮುರಿದರು. ಅವು ಬೊಬ್ಬೆ ಹಾಕುತ್ತವೆ, ಅವಕ್ಕೆ ನಗಲು ಬರುವುದಿಲ್ಲ ಎಂದು ದೂರಿದರು. ಆದರೂ ದಿನಾ ಕೇಳಿದರು.

ಎಂಬತ್ತಮೂರರ ಚುನಾವಣೆಗೆ ಹೊಳೆಯಾಚೆ ಒಂದು ಜೀಪು ಬಂತು. ಅದರ ಮೇಲೆ ಹಾರನ್ನು, ಒಳಗೆ ಉದಯಶಂಕರ. ಅವನೀಗ ಒಂದು ಪಕ್ಷದ ಸಣ್ಣ ಮುಖಂಡ. ಯಾವ ಪಕ್ಷವೆಂದು ಅವನೂ ಆಗಾಗ ಬಾವುಟ ನೋಡಿ ಖಚಿತಪಡಿಸಿಕೊಳ್ಳುತ್ತಿದ್ದ. ಪಾಲ ದಾಟಿ ಬೆಳ್ಯಪ್ಪರ ಅಂಗಳಕ್ಕೆ ಬಂದವನು ಜಗಲಿಯಲ್ಲಿ ಟೀಚರನ್ನು ಕಂಡು ಒಂದು ಕ್ಷಣ ಬೆಪ್ಪಾದ. ಅವರು ಎರಡು ರೇಡಿಯೋಗಳ ನಡುವೆ ಕೂತು ಬೆರಳು ತೋರಿಸಿದರು: ಒಂದು ನಿಮಿಷ. ಆ ಮನೆಯಲ್ಲಿ ಹನ್ನೊಂದು ಮತಗಳಿದ್ದುದರಿಂದ ಉದಯಶಂಕರ ಹದಿನೈದು ನಿಮಿಷ ನಿಂತ.

“ಟೀಚರೇ, ನಿಮ್ಮನ್ನು ಕಡಬಕ್ಕೆ ವಾಪಸ್ ತರುವ ಜವಾಬ್ದಾರಿ ನನ್ನದು,” ಎಂದ ಕೊನೆಗೆ.

“ಕಳಿಸಿದ ಜವಾಬ್ದಾರಿ ಯಾರದ್ದು?”

“ಅದೆಲ್ಲ ಮೇಲಿನವರು ಮಾಡುದು.”

“ಹಾಗಾದರೆ ಅವರಿಗೆ ನನ್ನ ಪರವಾಗಿ ಒಂದು ಶಾಲು ಹಾಕಿ. ಇಲ್ಲಿಂದ ನಾನು ಎಲ್ಲಿಗೂ ಬರುದಿಲ್ಲ.”

ಉದಯಶಂಕರ ಬೆಳ್ಯಪ್ಪರ ಕಡೆ ತಿರುಗಿದ. “ಗೆದ್ದರೆ ಈ ಊರಿಗೆ ಕರೆಂಟ್ ಹಾಕಿಸ್ತೇವೆ ಗೌಡ್ರೆ. ಇದು ಭಾಷೆ.”

ಟೀಚರ ಮುಖ ಬಿಳಿಚಿತು. “ಕರೆಂಟಾ? ಇಲ್ಲಿಗೆ ಎಂತಕ್ಕೆ ಕರೆಂಟ್?”

“ಎಂತಕ್ಕಾ?” ಎಂದರು ಬೆಳ್ಯಪ್ಪರು. “ನಮ್ಮ ಮೊಮ್ಮಕ್ಕಳು ಚಿಮಿಣಿ ದೀಪದಲ್ಲಿ ನಿಮ್ಮ ಲೆಕ್ಕ ಮಾಡಿ ಕಣ್ಣು ಹಾಳು ಮಾಡಿಕೊಂಡದ್ದು ಸಾಕು. ನೀವು ಬೇಡ ಅಂದ್ರೆ ನಾವೇ ಸೇರಿ ನಿಮ್ಮನ್ನು ವರ್ಗ ಮಾಡಿಸ್ತೇವೆ ನೋಡಿ.”

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಉದಯಶಂಕರನೂ ನಕ್ಕ, ಅವನದು ಎಲ್ಲರಿಗಿಂತ ಜೋರು. ಲೆಕ್ಕದ ಟೀಚರಿಗೆ ಲೆಕ್ಕ ತಪ್ಪಿದ್ದನ್ನು ಹಾಗೆ ಎಲ್ಲರೆದುರಿಗೆ ಯಾರೂ ತೋರಿಸಿರಲಿಲ್ಲ. ಕೊನೆಗೆ ಬೆಳ್ಯಪ್ಪರು ಹೇಳುವುದು ಸರಿ ಎಂದು ಅವರು ಒಪ್ಪಿಕೊಂಡರು. ಒಪ್ಪಿಕೊಂಡ ಸ್ವರ ಎಷ್ಟು ಸಣ್ಣದಿತ್ತೆಂದರೆ ಬೆಳ್ಯಪ್ಪರು ಇನ್ನೊಮ್ಮೆ ಹೇಳಿಸಿದರು.

ಉದಯಶಂಕರನ ಪಕ್ಷ ಸೋತಿತು. ಕರೆಂಟ್ ಬಂದದ್ದು ಎರಡು ವರ್ಷ ಕಳೆದು, ಬೇರೆಯವರಿಂದ. ಕಂಬ ನೆಟ್ಟವರಿಗೆ ಟೀಚರು ತಮ್ಮ ಕೈಯಾರೆ ಚಹಾ ಮಾಡಿಕೊಟ್ಟರು. ಬೆಳ್ಯಪ್ಪರ ಚಾವಡಿಯಲ್ಲಿ ಟ್ಯೂಬ್‌ಲೈಟ್ ಉರಿದ ಮೊದಲ ಸಂಜೆಯೇ ಎರಡು ರೇಡಿಯೋಗಳೂ ಗೊರಗೊರ ಎನ್ನತೊಡಗಿದವು. ಮಾರನೆಯ ವಾರ ಟೀಚರು ಊರಿನ ಹಿಂದಿನ ಬೋಳು ಪಾರೆಗುಡ್ಡದ ನೆತ್ತಿಗೆ ಎರಡು ಬಿದಿರಿನ ಗಳ ನೆಡಿಸಿ ತಂತಿ ಕಟ್ಟಿಸಿದರು. ಏರಲು ಬಹಳ ಹೊತ್ತು ಬೇಕಾಗುತ್ತಿತ್ತು. ಮೊಣಕಾಲು ಆಗಲೇ ನೋಯುತ್ತಿತ್ತು. ಆದರೂ ರಜಾ ದಿನಗಳಲ್ಲಿ, ಕೊಡೆ ಬಿಡಿಸಿ ಕಲ್ಲಿಗೆ ಸಿಕ್ಕಿಸಿಕೊಂಡು, ಮಡಿಲ ಬದಿಗೆ ಎರಡು ರೇಡಿಯೋ ಇಟ್ಟು ಕೂತ ಟೀಚರನ್ನು ಹೊಳೆಯ ಈಚೆಯಿಂದಲೂ ನೋಡಬಹುದಿತ್ತು. ಹೊಸದಾಗಿ ಬಂದವರು ಅದು ಯಾರೆಂದು ಕೇಳಿದರೆ ಊರಿನವರು ಹೇಳುತ್ತಿದ್ದರು, “ನಮ್ಮ ಲೆಕ್ಕದ ಟೀಚರು. ಅತ್ತ ಹೋಗ್ಬೇಡಿ ಈಗ, ಬೈತಾರೆ.”